ಹೆಗಲಿಗೆ ಒದೆಯದ ಬಂದೂಕು

ಸುರಪುರ, ಬೇಸ್ತವಾರ
ಮಾಹೆ ದೈ ೧೪, ೧೩೪೭ ಫಸಲಿ

ಪ್ರೀತಿಯ ಮಗ ಅಮಾತೆಪ್ಪಗ ನಿಮ್ಮಪ್ಪ ಪರಮಣ್ಣ ತಲಿ ಮ್ಯಾಲ ಕೈಯಿಟ್ಟು ಬರಿಯೂದು,

ಅರಾಮ ಇದ್ದೀಯಲ್ಲಪಾ? ಹೋದ ಪತ್ರದಾಗ ಕೆಮ್ಮು ಹತ್ತ್ಯದ ಅಂದಿದ್ದಿ, ಈಗ ಕಡಿಮಿ ಆಗ್ಯದಿಲ್ಲೋ? ಅದು ಹೈದರಾಬಾದಿನ ನೀರಿನ ಗುಣ ಅಂತಾಳ ನಿಮ್ಮವ್ವ. ಅಕಿ ಯಾದಗಿರಿ ಟೇಸನ್ ದಾಟಿ ಆಚಿಗೆ ಹೋದಾಕಿ ಅಲ್ಲ, ಆದ್ರೂ ಎಲ್ಲಾ ಊರಿನ ನೀರಿನ ಗುಣ ಅಕಿಗೆ ಗೊತ್ತದ. ಎಣ್ಣಿ ಬಿಸಿ ಮಾಡಿ ಎದಿಗೆ ತಿಕ್ಕೋ, ಸೇಂದಿ ಅಂಗಡಿ ಕಡಿ ಹೊಳ್ಳಿ ನೋಡಬ್ಯಾಡ. ಇದನ್ನ ಹೇಳಾಂವ ಯಾರು ನೋಡು ಅಂತ ನಗಬ್ಯಾಡ, ಕೇಳು. ಇಲ್ಲಿ ನಾನು ಅರಾಮ ಇದ್ದೇನಿ. ನಿಮ್ಮವ್ವ ಅರಾಮ ಇದ್ದಾಳ. ನಿನ್ನ ಹೆಣ್ತಿ ರೇಣಮ್ಮ ಜೀವದಿಂದ ಇದ್ದಾಳ. ಹಿಂಗ ಬರದ್ರ ನಿನ್ನ ಎದಿ ಒಡೀತದಂತ ಗೊತ್ತದ, ಆದ್ರ ಮೊದಲ ಇದನ್ನ ಬರದು ಮುಂದ ಹೋಗೂದು ಛಲೋ. ಈ ಪತ್ರಕ್ಕ ಮೂರು ಸಲ ಕುಂತು ಮೂರು ಸಲ ಎದ್ದೇನಿ. ಆಗಿ ತಿಂಗಳಾತು.

ದಸರೆ ಆಗಿ ನಾಕು ದಿನಕ್ಕ ನಾ ನಿನಗ ಸಜ್ಜಿರೊಟ್ಟಿ, ಶೇಂಗಾಹಿಂಡಿ ಗಂಟು ಕಳಸಾಕ ಯಾದಗಿರಿಗೆ ಹೋಗಿದ್ದೆ. ಆ ಗಂಟು ಮುಟ್ಟಿತು, ಹಿಂಡಿಗೆ ಖಾರ ಜಾಸ್ತಿ ಆಗಿತ್ತು ಅಂತ ಬರದಿದ್ದಿ. ಆಗ್ಲಿ. ಹೊಳ್ಳಿ ಬರೂದ್ರಾಗ ಮನಿ ಮುಂದ ಮಂದಿ ನೆರದಿತ್ತು. ಕಟ್ಟಿ ಮ್ಯಾಲ ನಮ್ಮ ಮುತ್ಯಾನ ಬಂದೂಕು, ಹಿಂದಿನ ಕಟ್ಟಿಗಿ ಸೀಳಿ ಎರಡು ತುಂಡಾಗಿ ಬಿದ್ದಿತ್ತು. ಒಳಗ ಹೋದ್ರ ರೇಣಮ್ಮ ಮಲಗ್ಯಾಳ, ಎಲುಬು ಕೂಡಸೂ ಶರೀಫಾಬೀ ಬಿದಿರ ದಬ್ಬಿ ಇಟ್ಟು ಅಕಿ ಹೆಗಲು ಕಟ್ಟಾಕತ್ತಾಳ. ಬಲಗಡಿ ಕುತ್ತಿಗಿಯಿಂದ ರಟ್ಟಿತನಕ ನೇರಳಿಹಣ್ಣು ಅರದು ಹಚ್ಚಿದಂಗ ಕರ್ರಗ ಆಗಿತ್ತು. ಹೆಗಲೆಲುಬು ಮುರದಿತ್ತು. ಹುಡುಗಿ ಹಲ್ಲು ಕಚಗೊಂಡು ಮಲಗಿತ್ತು, ಯವ್ವಾ ಅನ್ನಲಿಲ್ಲ. ನನ್ನ ನೋಡಿ ಎಡಗೈಲೇ ಸೆರಗು ತಲಿ ಮ್ಯಾಲ ಎಳಕೊಂಡ್ಳು. ಅಮಾತೆಪ್ಪಾ, ಆ ಹೊತ್ತಿನಾಗ ಸೆರಗು!

ಆಗಿದ್ದು ನಿಮ್ಮವ್ವನ ಬಾಯಿಲೇ ಕೇಳಿದೆ. ಮುಂಜಾನಿ ಅಕಿ ಮನಿ ಹಿಂದಿನ ಹೊಲದಾಗ ಶೇಂಗಾ ಕೀಳಾಕತ್ತಿದ್ಲಂತ. ಗುಡ್ಡದ ಕಡಿಂದ ಒಂಟಿ ಹಂದಿ ಇಳದು ಬಂತು. ನಿಮ್ಮವ್ವ ಮುದುಕಮ್ಮಗ ನಿನಗ ಗೊತ್ತಲ್ಲ, ಹೆಸರಿಗೆ ತಕ್ಕಂಗ ಮುದುಕಿ ಆಗ್ಯಾಳ, ಓಡಾಕ ಬರೂದಿಲ್ಲ, ಜಗಳಾಡಾಕ ಬರತದ. ಕುಡಗೋಲು ತೋರಿಸಿ ಹಂದಿಗೆ ಬೈಯ್ಯಾಕ ಹತ್ತ್ಯಾಳ. ಅದು ಮ್ಯಾಲ ಬಂದು ತೊಡಿಗೆ ಗುದ್ದಿ ಕೆಡವ್ತು. ಚೀರಿದ್ದು ಕೇಳಿ ರೇಣಮ್ಮ ಗೂಟದಾಗಿನ ಬಂದೂಕು ತಗೊಂಡು ಹಿತ್ತಲಬಾಗಲದಿಂದ ಓಡಿ ಹೊಡದಾಳ. ಹಂದಿ ಅಲ್ಲೇ ಕೆಡದು ಬಿತ್ತು. ಇಕಿ ಹತ್ತು ಮಾರು ಈಚಿಗೆ ಬೆನ್ನ ಮ್ಯಾಲ ಬಿದ್ಲು. ಯಾರಿಗೆ ಮೊದಲ ನೀರು ಕುಡಸೂದು ತಿಳೀಲಿಲ್ಲ ಅಂತಾಳ ನಿಮ್ಮವ್ವ. ನೀನಽ ಗುಡ್ಡದ ಹಿಂದ ಕರಕೊಂಡು ಹೋಗಿ ಹೆಣ್ತಿಗೆ ಬಂದೂಕು ಹಿಡಿಯೂದು ಕಲಿಸಿದ್ದಿಯಂತ, ಕಳ್ಳಾ! ಕಟ್ಟಿಗಿ ತರಾಕ ಹೋಗತೇವಿ ಅಂತ ಹೇಳಿ ಹೋಗತಿದ್ರಿ. ಬರೂವಾಗ ಕಟ್ಟಿಗಿ ಯಾಕ ಅಷ್ಟು ಕಡಿಮಿ ಇರತಿದ್ವು ಅಂತ ನನಗ ಈಗ ತಿಳೀತು. ಕಲಿಸಿದ್ದು ಛಲೋ ಆತು. ಇಲ್ಲಂದ್ರ ಈ ಪತ್ರ ಬ್ಯಾರೆ ಸುದ್ದಿ ತರತಿತ್ತು.

ಮದ್ದು ಜಾಸ್ತಿ ಆಗಿತ್ತು, ಅದಕ್ಕ ಒದ್ದದ ಅಂತ ಎಲ್ಲಾರೂ ಅಂದ್ರು. ನಮ್ಮ ಮನಿತನದ ಪದ್ಧತಿ ನಿನಗ ಹೇಳೂದೇನದ. ಗುಂಡು ಅಂಗೈಯಾಗ ಇಟ್ಟು ಅದು ಮುಳುಗೂ ತನಕ ಮದ್ದು ಸುರದ್ರ ಒಂದು ಅಳತಿ. ಮಹಾನವಮಿ ಪೂಜಿ ಆದಕೂಡಲೇ ಮನಿ ಯಜಮಾನ ಅದನ್ನ ತುಂಬಿ ಗೂಟಕ್ಕ ಹಾಕಬೇಕು, ಯಾಕಂದ್ರ ಪೂಜಿ ಉಂಡ ಆಯುಧ ಬರಿಹೊಟ್ಟಿಲೇ ಮಲಗಬಾರದು. ಮೊದಲ ಬ್ಯಾಟಿ ಆಗೂ ತನಕ ಅದರೊಳಗ ಮದ್ದು ಜಡಿಯೂ ಗಜ ಇಳಿಸಿ ಎಷ್ಟದ ಅಂತ ಅಳೀಬಾರದು. ಅಳದ್ರ ದೇವಿ ಹೊಟ್ಟಿ ತಿವಿದಂಗ ಅಂತ ನಮ್ಮ ಮುತ್ಯಾ ಅಂತಿದ್ದ. ಹಿಂಗಾಗಿ ಅದರಾಗ ಎಷ್ಟಿತ್ತು ಅಂತ ಯಾರೂ ನೋಡಿದ್ದಿಲ್ಲ.

ದೀಪಾವಳಿ ಹೊತ್ತಿಗೆ ಊರ ದೈವ ಪಂಚಾಯ್ತಿಗೆ ಕೂಡ್ತು. ಹಿರೇರ ಪೈಕಿ ಹಣಮಂತ್ರಾಯನ ಮಾತಽ ಮಾತು, ನಿನಗ ಗೊತ್ತದ. ಪೂಜಿ ಆದ ಆಯುಧಕ್ಕ ಹೆಣ್ಣಿನ ಕೈ ತಾಗ್ಯದ, ದೇವಿ ತಿರುಗಿ ಒದ್ದಾಳ, ಇಲ್ಲಂದ್ರ ನೂರು ವರ್ಷದಿಂದ ಯಾರಿಗೂ ಒದೀದ ಬಂದೂಕು ಇಕಿಗೇ ಯಾಕ ಒದೀತು ಅಂದ. ಅತ್ತಿ ಜೀವ ಉಳಿಸಿದಾಕಿಗೆ ತಪ್ಪಿನ ಕಾಣಿಕಿ! ಐದು ಶುಕ್ರವಾರ ಭಾವಿಯಿಂದ ಐದೈದು ಕೊಡ ನೀರು ತಂದು ಗುಡ್ಡದ ದ್ಯಾಮವ್ವನ ಮೆಟ್ಟಲ ತೊಳೀಬೇಕು ಅಂತ ಕಟ್ಟು ಮಾಡಿದ್ರು. ರೇಣಮ್ಮ ಕಂಬಕ್ಕ ಆತು ನಿಂತು ಹೂಂ ಅಂದ್ಲು. ನಾ ಸುಮ್ನ ಕುಂತೆ. ಎರಡು ಶುಕ್ರವಾರ ಮುಗದಾವ. ಕೊಡ ಎಡಗಡಿ ಟೊಂಕದಾಗ ಇಟಗೊಂಡು ಗುಡ್ಡ ಏರತಾಳ, ಹಾದ್ಯಾಗ ಹೆಣ್ಮಕ್ಕಳು ಸರದು ನಿಂದರತಾರ, ಮಾತಾಡಸೂದಿಲ್ಲ. ನಿಮ್ಮವ್ವ ಕುಂಟ್ಕೋತ ಬೆನ್ನ ಹಿಂದ ಹೋಗತಾಳ. ಮನ್ಯಾಗ ದಿನಾ ಅಕಿ ತಲಿ ಬಾಚಿ ಹೆರಳು ಹಾಕತಾಳ, ಕೈ ಮ್ಯಾಲ ಎತ್ತಾಕ ಬರೂದಿಲ್ಲಲ್ಲ. ಅತ್ತಿ ಸೊಸಿ ಇಬ್ಬರೂ ಅಷ್ಟೊತ್ತು ಸುಮ್ನ ಇದ್ದದ್ದು ನಾ ಈ ಮನ್ಯಾಗ ನೋಡಿಲ್ಲ.

ಸಗರದಿಂದ ಅಕಿ ಅಪ್ಪ ಮೌನಪ್ಪ ಬಂದಿದ್ದ. ಒಂದು ತುತ್ತು ಉಣಲಿಲ್ಲ. ದೇವಿ ಒದ್ದಾಕಿ ಅಂತ ಹೆಸರು ಬಿದ್ದ ಮ್ಯಾಲ ನನ್ನ ಮಗಳು ಈ ಊರಾಗ ಹೆಂಗ ಬಾಳ್ಯಾಳು, ಐದು ಶುಕ್ರವಾರ ಮುಗದ ಮ್ಯಾಲ ಕರಕೊಂಡು ಹೋಗತೇನಿ, ಹೊಳ್ಳಿ ಕಳಸೂದು ಆಮ್ಯಾಲಿನ ಮಾತು ಅಂದ. ಆಮ್ಯಾಲಿನ ಮಾತು ಅಂದ್ರ ಏನಂತ ನಿನಗೂ ತಿಳೀತದ, ನನಗೂ ತಿಳೀತದ. ಸಿಟ್ಟಿನ ಮನಶ್ಯಾ ಅಲ್ಲ ಅಂವ, ಅದಕ್ಕ ಅಂಜಿಕಿ ಜಾಸ್ತಿ.

ಈಗ ಬಂದೂಕಿನ ಮಾತಿಗೆ ಬರತೇನಿ. ನೀ ಚಾಕರಿ ಮಾಡೂ ದೊಡ್ಡಮನಿ ದೇವಡಿಯ ಸಾಹೇಬರು ಶಿಕಾರಿ ಬಿಟ್ಟು ಮೂರು ಬಂದೂಕು ಮಾರಾಕ ತಗದಾರ ಅಂತ ಬರದಿ. ದಸರೆಕಿಂತ ಮೊದಲ ನಾನಽ ಬರದಿದ್ದೆ, ದೊಡ್ಡದು ನೋಡು, ಹೊಡದ್ರ ಗುಡ್ಡ ಅಲುಗಬೇಕು ಅಂತ. ಆ ಮಾತು ಅಳಿಸಿ ಹಾಕು. ಆ ಮೂರರಾಗ ದೊಡ್ಡದು, ನಾನೂರಾ ಐದು ನಂಬರಿಂದು, ಬ್ಯಾಡಽ ಬ್ಯಾಡ. ಪ್ರಾಯದಾಗ ನಾ ಸಾಹೇಬರ ಶಿಕಾರಿಗೆ ಗುಡ್ಡದಾಗ ಒದರಿ ಬ್ಯಾಟಿ ಎಬ್ಬಸಾಕ ಹೋಗತಿದ್ದೆ. ಅಂಥಾದೊಂದು ಹೊಡದ ಸಾಹೇಬ ಮೂರು ದಿನ ಎಡಗೈಲೇ ಉಂಡ. ಇಪ್ಪತ್ತೆರಡು ನಂಬರಿಂದು ಒದಿಯೂದಿಲ್ಲ ಖರೆ, ಆದ್ರ ಅದು ಬೆಳವಹಕ್ಕಿ ಹೊಡಿಯೂದು. ಹಂದಿಗೆ ತಾಗಿದ್ರ ಸಿಟ್ಟು ಬರತದ ಅಷ್ಟ, ಗಾಯ ಆದ ಹಂದಿ ಹೊಳ್ಳಿ ಬಂದ್ರ ಯಾರ ಹೊಟ್ಟಿ ಸೀಳತದೋ ಹೇಳಾಕ ಬರೂದಿಲ್ಲ. ಉಳದದ್ದು ಎರಡುನೂರಾ ಐವತ್ತಾರು ನಂಬರಿಂದು. ಅದನ್ನ ಹಿಡಿ. ಗುಂಡು ಕಿರಿಬೆರಳಿನಕಿಂತ ಸಣ್ಣದು, ಆದ್ರ ಉದ್ದದು, ಒಳಗ ಇಳಿಯೂ ಗುಣ ಅದರದು. ಹಂದಿಗೂ ನಡೀತದ, ಚಿಗರಿಗೂ ನಡೀತದ. ಹೆಗಲಿಗೆ ನೂಕತದ, ಒದಿಯೂದಿಲ್ಲ. ಹಗರ ಬಂದೂಕು ಜಾಸ್ತಿ ಒದೀತದಂತ ದೇವಡಿ ದಫೇದಾರ ಅಂದನಂತ. ಅಂವ ಹೇಳಿದ್ದು ಸುಳ್ಳಲ್ಲ. ಆದ್ರ ಸಣ್ಣ ಗುಂಡಿಗೆ ಸಣ್ಣ ಒದಿಕಿ, ಸಣ್ಣ ಬಂಡಿಗೆ ಸಣ್ಣ ಹೋರಿ ಸಾಲೂದಿಲ್ಲೇನು? ಮನ್ಯಾಗ ನಾನೂ ಮುದುಕಾಗೇನಿ, ಯಾರು ಎತ್ತಿದ್ರೂ ಎತ್ತಾಕ ಬರಬೇಕು.

ಮುಖ್ಯದ್ದು ಒಂದದ. ಅದರ ಕೆಳಗಿನ ಹಿಡಿಕಿ ಇಳಿಸಿದ್ರ ನಳಗಿ ಹಿಂದ ಬಾಯಿ ತೆರೀತದ, ಹಣಿಕಿ ಹಾಕಿದ್ರ ಆಚಿ ಬೆಳಕು ಕಾಣತದ ಅಂತ ಬರದಿ. ಅದು ಖರೆನೋ? ಎರಡು ಸಲ ತಗದು ನಿನ್ನ ಕಣ್ಣಿಲೇ ನೋಡು. ಬೆಳಕು ಕಂಡ್ರ ಅಷ್ಟ ತಗೋ, ಒಳಗ ತುಂಬ್ಯದೋ ಇಲ್ಲೋ ಕಣ್ಣಿಗೆ ತಿಳೀಬೇಕು. ಶೇಂಗಾ ಛಲೋ ಬಂದಾವ, ಉಳದದ್ದರ ಚಿಂತಿ ಬ್ಯಾಡ. ಕಚೇರಿಯ ಪರವಾನಿಗಿ ಕಾಗದ ನಾ ನೋಡಕೋತೇನಿ. ಹಿಂದಿನ ಕಟ್ಟಿಗಿ ಎಷ್ಟು ಉದ್ದ ಇರಬೇಕಂತ ಒಂದು ದಾರ ಅಳದು ಈ ಲಕೋಟಿದಾಗ ಇಟ್ಟೇನಿ. ಜಾಸ್ತಿ ಇದ್ರ ಬಡಗ್ಯಾರ ಕಡಿಂದ ಕೊರಸಿ ಕಳಸು. ಯಾದಗಿರಿ ಟೇಸನ್ನಿಗೆ ನಾನಽ ಬರತೇನಿ.

ನಿಮ್ಮವ್ವ ನಿನ್ನ ಗಲ್ಲ ಸವರಿ ಮುತ್ತು ಕೊಟ್ಟಾಳಂತ ಬರಿ ಅಂತಾಳ, ಬರದೇನಿ. ರೇಣಮ್ಮ ಬಾಗಲದಾಗ ನಿಂತಾಳ. ಹೊಟ್ಟಿ ತುಂಬ ಉಣ್ಣು, ನೂರು ವರ್ಷ ಬಾಳು.

ನಿಮ್ಮಪ್ಪ,
ಪರಮಣ್ಣ

ತಾ.ಕ. ಲಕೋಟಿ ಅಂಟಿಸಿದ್ದೆ, ಹರದು ಬರಿಯಾಕತ್ತೇನಿ. ಯಾದಗಿರಿಗೆ ಹೋಗೂ ಬಂಡಿಯಾಂವ ಬಾಗಲದಾಗ ನಿಂತು ಒದರಾಕತ್ತಾನ. ಅಮಾತೆಪ್ಪಾ, ಆ ಬಂದೂಕಿಗೆ ಎರಡು ಸಲ ತುಂಬಿದಾಂವ ನಾನು. ಪೂಜಿ ಆದಕೂಡಲೇ ಒಮ್ಮಿ ತುಂಬಿದೆ, ಸೇಂದಿ ಕುಡದು ಬಂದು ಮರತು ಮತ್ತೊಮ್ಮಿ ತುಂಬಿದೆ. ಮರುದಿನ ಮದ್ದಿನ ಕೊಂಬು ಹಗರ ಆಗಿದ್ದು ನೋಡಿ ತಿಳೀತು. ತಗದ್ರ ಮಂದಿ ನಗತಾರಂತ ಹಂಗ ಬಿಟ್ಟು ಯಾದಗಿರಿಗೆ ಹೋದೆ. ದೈವದ ಮುಂದನೂ ಬಾಯಿ ಬಿಡಲಿಲ್ಲ. ಇವತ್ತು ಮುಂಜಾನಿ ದಾರ ಹಿಡದು ರೇಣಮ್ಮನ ಕೈ ಅಳಿಯೂವಾಗ ತಡೀಲಾರದ ಹೇಳಿಬಿಟ್ಟೆ. ಅಕಿ ಏನಂದ್ಲು ಗೊತ್ತೇನು? ನನಗ ಗೊತ್ತದರಿ ಮಾವಾ, ಎರಡನೇ ಸಲ ತುಂಬೂವಾಗ ನಾ ದೀಪ ಹಿಡದು ನಿಂತಿದ್ದೆ, ಮಂದ್ಯಾಗ ನಿಮಗ ಹೆಂಗ ಅನ್ನೂದಂತ ಸುಮ್ನಾದೆ ಅಂದ್ಲು. ಗೊತ್ತಿದ್ದೂ ಹೊಡದಿಯೇನವ್ವಾ ಅಂದೆ. ಅತ್ತಿ ಚೀರಾಕತ್ತಿದ್ರು, ತಗಿಯಾಕ ಹೊತ್ತೆಲ್ಲಿತ್ತರಿ ಅಂದ್ಲು. ನಾಳಿ ಮೂರನೇ ಶುಕ್ರವಾರ. ಕೊಡ ನಾ ಹೊರತೇನಿ, ಮೆಟ್ಟಲ ಮ್ಯಾಲ ನಿಂತು ಹಣಮಂತ್ರಾಯನ ಮುಂದ ಎಲ್ಲಾ ಹೇಳತೇನಿ, ಅಲ್ಲಿಂದ ಹಂಗಽ ಸಗರಕ್ಕ ಮೌನಪ್ಪನ ಕಡಿ ನಡೀತೇನಿ. ಬಂದೂಕು ಅಕಿಗೆ, ನನಗಲ್ಲ. ಬಲಗೈ ಇನ್ನೂ ಚಾಚಾಕ ಬರವಲ್ದು, ಎಡಗೈದು ಅಳತಿ ತಗೊಂಡೇನಿ. ದಾರ ಕಳಕೋಬ್ಯಾಡ.