ಬಂಗಾರಮ್ಮನ ಮರದ ಜಾಗ

ಆನಂದಪುರ,
ಏಪ್ರಿಲ್ ೪

ಅಪ್ಪೆಮಿಡಿ ಬಳಗದ ಅಧ್ಯಕ್ಷ ರವಿಶಂಕರ ಅವರಿಗೆ,

ಮರದ ಜಾಗ ಬಯಲಾದದ್ದಕ್ಕೆ ನೀವು ಕೇಳಿದ ತಪ್ಪೊಪ್ಪಿಗೆಯನ್ನು ನಾನು ಬರೆದುಕೊಡುವುದಿಲ್ಲ.

ನಮ್ಮ ಮಾವಿನ ಮರಗಳ ಪಟ್ಟಿಯಿರುವ ವೆಬ್ ಪುಟದಲ್ಲಿ, ವಿನ್ಯಾಸದ ನಡುನಡುವೆ ಪ್ರೋಗ್ರಾಮಿನ ಸಾಲುಗಳನ್ನು ಬೆರೆಸಿದ್ದು ನಾನೇ. ಎರಡನ್ನೂ ಬೇರೆಬೇರೆ ಇಡಬೇಕಿತ್ತು, ಒಪ್ಪುತ್ತೇನೆ. ಆದರೆ ಅವು ಕಸವಾಗಿರಲಿಲ್ಲ. ಮರದ ಒಡೆಯರು ಬೇಡವೆಂದಿದ್ದರೆ ಮರವಿರುವ ಜಾಗವನ್ನು ತೋರಿಸಬೇಡ ಎಂದು ಅವುಗಳಲ್ಲಿ ಎರಡು ಸಾಲು ಹೇಳುತ್ತಿದ್ದವು. ಪುಟವನ್ನು ಚಂದ ಮಾಡಲು ಬಂದ ನಿಮ್ಮ ಅಳಿಯ ಶ್ರೀಕಾಂತ, ತಮಗೆ ಅರ್ಥವಾಗಲಿಲ್ಲವೆಂದು ಆ ಎರಡನ್ನೂ ಅಳಿಸಿದರು. ನನಗೊಂದು ಫೋನ್ ಕೂಡ ಮಾಡಲಿಲ್ಲ.

ಮೂರನೇ ದಿನ ನಿಟ್ಟೂರಿನ ಬಂಗಾರಮ್ಮನವರ ಮರದ ಬುಡಕ್ಕೆ ಜೀಪು ಬಂತು. ಉಪ್ಪಿನಕಾಯಿಯ ಮಿಡಿಯನ್ನು ಒಂದೊಂದಾಗಿ ಕೊಯ್ಯುವ ತಾಳ್ಮೆಯಿಲ್ಲದವರು ಕೊಂಬೆಗಳನ್ನೇ ಕಡಿದು ಒಯ್ದರು. ನಿನ್ನೆ ನಾನು ಹೋದಾಗ ಬಂಗಾರಮ್ಮ ಮೋಟುಗಳಿಗೆ ಸಗಣಿ ಮೆತ್ತುತ್ತಿದ್ದರು.

"ಜಾಗ ಯಾರಿಗೂ ಹೇಳ್ಬೇಡ ಅಂದಿದ್ನಲ್ಲ ಮಾರಾಯ್ತಿ," ಎಂದರು.

ಅವರಲ್ಲಿ ಕ್ಷಮೆ ಕೇಳಿದ್ದೇನೆ. ನಿಮ್ಮಲ್ಲಿ ಕೇಳುವುದಿಲ್ಲ.

ಆ ಎರಡು ಸಾಲುಗಳನ್ನು ಮತ್ತೆ ಸೇರಿಸಿ, ಸದ್ಯಕ್ಕೆ ಪುಟವನ್ನು ಮುಚ್ಚಿಟ್ಟಿದ್ದೇನೆ. ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಬಂಗಾರಮ್ಮನವರ ಕೈಗೆ ಕೊಟ್ಟು ಬಂದಿದ್ದೇನೆ. ಪುಟವನ್ನು ಮತ್ತೆ ತೆರೆಯಬೇಕೋ ಬೇಡವೋ ಎಂದು ಅವರೇ ಹೇಳಲಿ. ದಯವಿಟ್ಟು ಶ್ರೀಕಾಂತರನ್ನೂ ಕರೆದುಕೊಂಡು ಹೋಗಿ ಕೇಳಿ. ದಾರಿಯನ್ನು ನಾನು ಹೇಳಬೇಕಾಗಿಲ್ಲ. ಮೂರು ದಿನ ಅದು ಊರಿಗೆಲ್ಲ ಕಾಣುವ ಹಾಗೆ ನಿಮ್ಮ ಚಂದದ ಪುಟದಲ್ಲೇ ಇತ್ತು.

ಇಂತಿ,
ವಿನಯಾ