ಅಕ್ಕ ರೆಕ್ಕೆ ಕಟ್ಟಿಕೊಂಡ ಸಿನಿಮಾ

ದುಮಾಂಗಾಸ್, ಪನಾಯ್ ದ್ವೀಪ
೧೪ ನವೆಂಬರ್ ೧೯೯೯, ಭಾನುವಾರ

ಪ್ರೀತಿಯ ಸಲೂದ್ ಅಕ್ಕಾ,

ನಿನ್ನ ಮಂಡಿ ನೋವು ಹೇಗಿದೆ? ಹೊನೊಲುಲುವಿನ ಆ ಹೋಟೆಲಿನಲ್ಲಿ ಇನ್ನೂ ಹಾಸಿಗೆ ಕೊಡವುತ್ತಿದ್ದೀಯಾ? ಅರವತ್ತು ಹತ್ತಿರ ಬಂತು, ಸಾಕು ಮಾಡು ಮಾರಾಯ್ತಿ. ನಾವೆಲ್ಲ ಕ್ಷೇಮ. ನನ್ನ ಸಕ್ಕರೆ ಕಾಯಿಲೆ ಅದರ ಪಾಡಿಗಿದೆ, ಮಾವಿನಹಣ್ಣು ಕಂಡಾಗ ಮಾತ್ರ ನಾನು ನನ್ನ ಪಾಡಿಗಿರುವುದಿಲ್ಲ.

ಇವತ್ತು ಮಧ್ಯಾಹ್ನ ಚರ್ಚಿನ ಹಾಲ್‌ನಲ್ಲಿ ಕಿಟಕಿಗೆಲ್ಲ ಚಾಪೆ ಕಟ್ಟಿ ನಿನ್ನ ಸಿನಿಮಾ ತೋರಿಸಿದರು ಕಣೇ! ಎಪ್ಪತ್ತೊಂದರಲ್ಲಿ ನಮ್ಮೂರಲ್ಲೇ ತೆಗೆದದ್ದು, ಮಂಡಿ ಮುಟ್ಟುವ ಕೂದಲು ನೋಡಿ ನಿನ್ನನ್ನೇ ಮನನಂಗಾಲ್ ಮಾಡಿದ್ದು. ಸೊಂಟದಲ್ಲಿ ಎರಡಾಗಿ, ಮೇಲಿನರ್ಧ ಮಾತ್ರ ಹಾರಿಹೋಗಿ ಬಸುರಿಯರ ಕೂಸು ಹೀರುವ ರಕ್ಕಸಿ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಕೊಡೆಬಟ್ಟೆಯ ರೆಕ್ಕೆ, ಅದನ್ನೆತ್ತುವ ತಂತಿ, ತಂತಿಯ ಮೇಲೆ ಕೂತ ಗುಬ್ಬಿ, ಎಲ್ಲ ಕಾಣುತ್ತದೆ! ಬಾಳೆಗಿಡಗಳ ನಡುವೆ ನಿಂತ ಕೆಳಗಿನರ್ಧ ನಮ್ಮ ಇಸ್ಕೊ ಮಾವನದಲ್ಲವೇ, ಲಂಗದ ಕೆಳಗೆ ಕರಡಿಯಂಥ ಕಾಲು. "ಏ ರಕ್ಕಸಿ, ಕಾಲು ಬೋಳಿಸ್ಕೊಂಡು ಬಾರೇ!" ಎಂದು ಹಿಂದಿನವರು ಕೂಗಿದರು. ನನ್ನ ಮಗಳು ಮರಿವಿಕ್ ಎದ್ದು ನಿಂತು, "ಅದು ನಮ್ಮ ದೊಡ್ಡಮ್ಮ ಕಣ್ರೋ, ಬಾಯಿ ಮುಚ್ಚಿ" ಎಂದು ಗದರಿದಳು. ಆಮೇಲೆ ನೀನು ಕಿಟಕಿಯಾಚೆ ನಿಂತು, ಹಲ್ಲು ತೋರಿಸದೆ, ಒಳಗೆ ಮಲಗಿದ ಬಸುರಿಯನ್ನು "ತಂಗೀ..." ಎಂದು ಮೆಲ್ಲಗೆ ಕರೆದೆ. ಐವತ್ತು ವರ್ಷದ ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

ಹೊರಗೆ ಬಂದಾಗ ಮರಿವಿಕ್, "ಇಷ್ಟು ಚೆನ್ನಾಗಿ ಮಾಡಿದ ದೊಡ್ಡಮ್ಮ ಊರು ಯಾಕಮ್ಮ ಬಿಟ್ರು?" ಎಂದಳು. ಕೊಡೆ ಬಿಡಿಸಿ, "ನಡಿ, ಬಿಸಿಲು" ಎಂದೆ. ಆ ಸಿನಿಮಾ ನೋಡಿದ ಮೇಲೆ ನೀನು ಮಾರುತ್ತಿದ್ದ ಅಕ್ಕಿ ಕಡುಬನ್ನು ಯಾರೂ ಮುಟ್ಟಲಿಲ್ಲ, ತಿಂದವರಿಗೂ ರಕ್ಕಸಿತನ ಅಂಟುತ್ತದಂತೆ. ನೀನು ಬೀದಿಗಿಳಿದರೆ, ರಕ್ಕಸಿ ಹತ್ತಿರ ಬಾರದಿರಲೆಂದು ಕಿಟಕಿಗಳಲ್ಲಿ ಬೆಳ್ಳುಳ್ಳಿ ತೂಗುತ್ತಿತ್ತು. ಮೀನು ಮಾರುವ ತಿನಾಯ್ "ಏನೇ, ಇವತ್ತು ಪೂರ್ತಿ ಮೈ ತಂದಿದ್ದೀಯಾ, ಅರ್ಧನಾ?" ಎಂದು ನಗುತ್ತಲೇ ಉಪ್ಪು ಎರಚಿದಳು. ಅದನ್ನೆಲ್ಲ ನೀನು ನಕ್ಕು ನುಂಗಿಕೊಂಡೆ. ಮರಿವಿಕ್ ಹೊಟ್ಟೆಯಲ್ಲಿದ್ದಾಗ ನನಗೆಂದು ನುಗ್ಗೆಸೊಪ್ಪಿನ ಕೋಳಿ ಸಾರು ತಂದೆಯಲ್ಲ, ಅವತ್ತು ನಾನು ಬಾಗಿಲು ತೆಗೆಯಲಿಲ್ಲ. "ಅತ್ತೆ ಬೇಡ ಅಂತಾರಕ್ಕಾ, ಹೋಗ್ಬಿಡು" ಎಂದು ಒಳಗಿಂದಲೇ ಹೇಳಿದೆ. "ಬಿಸಿ ಇದ್ದಾಗ್ಲೇ ಕುಡಿ" ಎಂದು ನೀನು ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಹೋದೆ. ಮರುವಾರ ಹಡಗು ಹತ್ತಿದೆ. ಇಪ್ಪತ್ತೆಂಟು ವರ್ಷದಿಂದ ಮರಿವಿಕ್‌ಗೆ ನಿನ್ನ ಉಡುಗೊರೆ ಬರುತ್ತಿದೆ, ನೀನು ಬಂದಿಲ್ಲ.

ಈಗ ಅವಳೇ ಬಸುರಿ. ಬಾಣಂತನಕ್ಕೆ ದೊಡ್ಡಮ್ಮನೇ ಬೇಕು ಎಂದು ಒಂದೇ ಹಟ. ಫೆಬ್ರವರಿಯೊಳಗೆ ಬಾ. ಇಸ್ಕೊ ಮಾವ ಹಲ್ಲಿಲ್ಲದ ಬಾಯಲ್ಲಿ ನಿನ್ನನ್ನು ಕೇಳಿದ್ದಾರೆ. ಮೇರಿ ಮಾತೆ ನಿನ್ನನ್ನು ಕಾಯಲಿ.

ನಿನ್ನ ತಂಗಿ
ಪೆಲಾಗಿಯಾ

ತಾ.ಕ.: ಅಂಟಿಸಿದ ಲಕೋಟೆ ಹರಿದು ಇಷ್ಟು ಬರೆಯುತ್ತಿದ್ದೇನೆ. ಅವತ್ತು ಅತ್ತೆ ಮನೆಯಲ್ಲೇ ಇರಲಿಲ್ಲ, ಸಂತೆಗೆ ಹೋಗಿದ್ದರು. ಹೆದರಿ ಅಗುಳಿ ಹಾಕಿದವಳು ನಾನು. ಅವರು ಬಂದು, "ಒಡಹುಟ್ಟಿದವಳನ್ನ ಹೊರಗೆ ನಿಲ್ಲಿಸಿ ಕಳಿಸಿದ್ಯಾ? ಥೂ ನಿನ್ನ!" ಎಂದು ಬಯ್ದು, ನನ್ನೆದುರೇ ಕೂತು ಆ ಸಾರನ್ನೆಲ್ಲ ಕುಡಿದರು. ಆದರೂ ಕೆಟ್ಟ ಹೆಸರು ತಾವೇ ಹೊತ್ತು, ಸಾಯುವವರೆಗೂ ನನ್ನನ್ನು ಬಿಟ್ಟುಕೊಡಲಿಲ್ಲ. ಇದು ತಿಳಿದ ಮೇಲೂ ಬರಬೇಕೆನಿಸಿದರೆ ಬಾ.