ಓಜೆಲ್ಲಮ್ಮ ಯಾರೆಂದು ನಿಮಗೆ ಗೊತ್ತು

ಮುಖ ನೋಡಿ ಯಾರನ್ನೂ ನಂಬಬಾರದೆಂದು ನಮಗೆಲ್ಲ ಪಾಠ ಹೇಳಿದ ಮಾನ್ಯ ಕೌಂಟಿ ಚುನಾವಣಾಧಿಕಾರಿಗಳೇ,

ಕಳೆದ ಮಂಗಳವಾರ ನಮ್ಮ ಮೌಂಟ್ ನೀಬೋ ಚರ್ಚಿನ ಊಟದ ಹಾಲ್‌ನಲ್ಲಿದ್ದ ಮತಗಟ್ಟೆಗೆ ಇಬ್ಬರು ಫೋಟೊ ಕಾರ್ಡಿಲ್ಲದೆ ಬಂದರು. ಒಬ್ಬರು ಎಂಬತ್ತೆರಡು ವರ್ಷದ ಓಜೆಲ್ಲಾ ಬಿವೆನ್ಸ್, ನನ್ನ ತಾಯಿಯ ಅಕ್ಕ. ಇನ್ನೊಬ್ಬರು ತಾವು. ತಮ್ಮ ಮತ ಎಣಿಕೆಯಾಗಿದೆ. ನನ್ನ ದೊಡ್ಡಮ್ಮನ ಮತ ಅಂಟು ಹಾಕಿದ ಲಕೋಟೆಯೊಳಗೆ ತಮ್ಮ ಕಚೇರಿಯ ಬೀರುವಿನಲ್ಲಿ ಕೊಳೆಯುತ್ತಿದೆ. ನನ್ನ ದೂರು ಇಷ್ಟೇ. ಮುಂದಕ್ಕೆ ಓದುವ ವ್ಯವಧಾನ ತಮಗಿಲ್ಲದಿದ್ದರೂ ಚಿಂತೆಯಿಲ್ಲ, ಇದನ್ನು ಪತ್ರಿಕೆಗೂ ಕಳಿಸಿದ್ದೇನೆ, ಊರಿನವರು ಓದಿಕೊಳ್ಳುತ್ತಾರೆ.

ನಾನು ಯಾರೆಂದು ತಮಗೆ ಗೊತ್ತಿದೆ, ಆದರೆ ಗೊತ್ತಿರುವುದು ಸಾಲದು ಎಂಬುದು ತಮ್ಮದೇ ನಿಯಮವಾದ್ದರಿಂದ ಹೇಳಿಬಿಡುತ್ತೇನೆ. ಈ ಕೌಂಟಿಯಲ್ಲಿ ಮೂವತ್ತೊಂದು ವರ್ಷ ಶಾಲಾ ಬಸ್ಸು ಓಡಿಸಿದವಳು. ಹತ್ತೊಂಬತ್ತು ವರ್ಷದಿಂದ ಮೌಂಟ್ ನೀಬೋ ಮತಗಟ್ಟೆಯ ಮೇಜಿನ ಹಿಂದೆ ಕೂತವಳು, ಅದರಲ್ಲಿ ಹನ್ನೊಂದು ವರ್ಷ ಮುಖ್ಯಸ್ಥೆಯಾಗಿ. ಫೋಟೊ ಕಾರ್ಡಿನ ಕಾನೂನು ಬಂದಾಗ ನಾನು ಬೀದಿಗಿಳಿದವಳಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಅದರ ಪರವಾಗಿದ್ದೆ. ಶೀತದ ಮಾತ್ರೆ ಕೊಳ್ಳುವುದಕ್ಕೂ ಕಾರ್ಡು ಕೇಳುತ್ತಾರೆ, ಮತ ಹಾಕುವುದಕ್ಕೆ ಕೇಳಿದರೆ ಏನು ಕಳೆದುಹೋಗುತ್ತದೆ ಎಂದು ಚರ್ಚಿನ ಅಡುಗೆಮನೆಯಲ್ಲಿ ನಿಂತು ದೊಡ್ಡಮ್ಮನ ಜೊತೆ ವಾದ ಮಾಡಿದ್ದೆ. ಅವರು ಬೀನ್ಸ್ ಬಿಡಿಸುತ್ತಾ ತಲೆ ಎತ್ತದೆ ಒಂದೇ ಮಾತು ಹೇಳಿದ್ದರು: "ಕೇಳ್ಲಿ ಬಿಡೇ ವರ್ನೆಲ್. ಆದ್ರೆ ಆ ಕಾರ್ಡ್ ಕೊಡೋನು ಯಾರು ಅಂತ ಮೊದ್ಲು ವಿಚಾರಿಸ್ಕೋ." ನಾನು ಆಗ ನಕ್ಕುಬಿಟ್ಟೆ.

ಕಳ್ಳ ಮತ ಹಿಡಿಯಲು ಈ ಕಾನೂನು ಎಂದಿರಿ. ಹತ್ತೊಂಬತ್ತು ವರ್ಷದಲ್ಲಿ ನನ್ನ ಮೇಜಿಗೆ ಬಂದ ಕಳ್ಳ ಒಬ್ಬನೇ. ಬೇಟೆಗೆ ಹೋದ ಅಣ್ಣನ ಹೆಸರು ಹೇಳಿಕೊಂಡು ತಮ್ಮ ಬಂದಿದ್ದ. ಆರು ವರ್ಷ ನನ್ನ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯಿಂದ ಕಿತ್ತಳೆ ಸಿಪ್ಪೆ ಎಸೆದ ಹುಡುಗ ನನಗೆ ಗೊತ್ತಾಗುವುದಿಲ್ಲವೇ? "ನಿಮ್ಮಮ್ಮನಿಗೆ ಫೋನ್ ಮಾಡ್ಲಾ?" ಎಂದೆ ಅಷ್ಟೇ, ನಲವತ್ತು ವರ್ಷದ ಗಂಡಸು ಟೋಪಿ ಬಿಟ್ಟು ಓಡಿದ. ಅವನನ್ನು ಹಿಡಿದದ್ದು ಕಾರ್ಡಲ್ಲ ಸ್ವಾಮಿ, ನನ್ನ ಎರಡು ಕಣ್ಣು. ತಾವು ಬಂದು ಆ ಕಣ್ಣಿಗೇ ಬಟ್ಟೆ ಕಟ್ಟಿದಿರಿ. ಕೋವಿಯ ಪರವಾನಗಿ ತೋರಿಸಿದರೆ ಮತಪತ್ರ ಕೊಡಿ, ಕಾಲೇಜಿನ ಕಾರ್ಡು ತೋರಿಸಿದರೆ ಕೊಡಬೇಡಿ ಎಂದಿರಿ, ನಾವು ತಲೆಯಾಡಿಸಿದೆವು. ಆಗಸ್ಟ್ ತಿಂಗಳ ತರಬೇತಿಯಲ್ಲಿ ನನ್ನ ಜೊತೆಗಾರ ಏಮೋಸ್ ಗಿಲ್ಯಾರ್ಡ್ ಕೈ ಎತ್ತಿ ಒಂದು ಪ್ರಶ್ನೆ ಕೇಳಿದ್ದು ತಮಗೆ ನೆನಪಿರಬೇಕು. ಕ್ಷೌರದ ಅಂಗಡಿ ಇಟ್ಟು ಊರಿನ ಅರ್ಧ ತಲೆಗಳನ್ನು ಬಲ್ಲ ಮನುಷ್ಯ. ಕಾರ್ಡಿಲ್ಲದವರನ್ನು ಮತಗಟ್ಟೆಯ ಇಬ್ಬರು ಅಧಿಕಾರಿಗಳು ಗುರುತು ಹಿಡಿದು ರುಜು ಹಾಕಿದರೆ ಮತ ಹಾಕಲು ಬಿಡಬಹುದು ಅಂತ ಹಿಂದೆ ಒಂದು ನಮೂನೆ ಇತ್ತಲ್ಲ, ಅದು ಈಗಲೂ ಇದೆಯಾ ಎಂದು ಕೇಳಿದ. ತಾವು ಕನ್ನಡಕ ಒರೆಸಿಕೊಂಡು ಅದೆಲ್ಲ ಹಳೇ ಕಥೆ, ಅಂಥದ್ದು ಈಗ ಇಲ್ಲ ಎಂದಿರಿ. ನಲವತ್ತೆರಡು ಜನ ಅದನ್ನು ಬರೆದುಕೊಂಡೆವು. ನನ್ನ ನೋಟ್‌ಪುಸ್ತಕ ಈಗಲೂ ನನ್ನ ಹತ್ತಿರ ಭದ್ರವಾಗಿದೆ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ದೊಡ್ಡಮ್ಮ ಬಂದರು. ನೇರಳೆ ಬಣ್ಣದ ಭಾನುವಾರದ ಟೋಪಿ, ಬಿಳಿ ಕೈಚೀಲ. ಮತದ ದಿನ ಅವರು ಹಾಗೇ ಬರುವುದು. ಹಾಲ್‌ನಲ್ಲಿದ್ದ ಅಷ್ಟೂ ಜನ ಎದ್ದು ನಮಸ್ಕಾರ ಹೇಳಿದರು. ನಾನು ಕಾರ್ಡು ಕೇಳಿದೆ. ಹೌದು ಮಾನ್ಯರೇ, ಕೇಳಿದೆ. ನನಗೆ ಸೀತಾಳೆ ಸಿಡುಬು ಬಂದಾಗ ತಿಂಗಳು ಪೂರ್ತಿ ಮಗ್ಗುಲಲ್ಲಿ ಕೂತು ನನ್ನ ಕೈ ಹಿಡಿದುಕೊಂಡು ಕೆರೆದುಕೊಳ್ಳಲು ಬಿಡದೆ ಕಾದವರನ್ನು, ನಿಮ್ಮ ಗುರುತೇನು ಎಂದು ಕೇಳಿದೆ. ಅವರು ಹುಟ್ಟಿದ್ದು ಸೂಲಗಿತ್ತಿಯ ಕೈಯಲ್ಲಿ, ಹುಟ್ಟಿದ ದಿನ ಬರೆದಿರುವುದು ಮನೆಯ ಬೈಬಲ್ಲಿನ ಮೊದಲ ಹಾಳೆಯಲ್ಲಿ. ಕಾರು ಓಡಿಸಿದವರಲ್ಲ, ವಿಮಾನ ಹತ್ತಿದವರಲ್ಲ. ಕಾರ್ಡು ಎಲ್ಲಿಂದ ಬರಬೇಕು? ಅವರು "ನಿನ್ನ ಕೆಲ್ಸ ನೀನ್ ಮಾಡು ಮಗಾ" ಎಂದರು. ನಾನು ನಿಯಮದ ಪ್ರಕಾರ ಅವರ ಮತಪತ್ರವನ್ನು ಲಕೋಟೆಗೆ ಹಾಕಿ ಅಂಟಿಸಿದೆ. ಶುಕ್ರವಾರ ಮಧ್ಯಾಹ್ನದೊಳಗೆ ಕಾರ್ಡು ತಂದು ತೋರಿಸಿದರೆ ಮಾತ್ರ ಅದನ್ನು ಒಡೆದು ಎಣಿಸುತ್ತಾರೆ, ಇಲ್ಲದಿದ್ದರೆ ಇಲ್ಲ. ಸ್ವಂತ ದೊಡ್ಡಮ್ಮನಿಗೂ ರಿಯಾಯಿತಿ ಕೊಡಲಿಲ್ಲ ಎಂದು ಆಗ ಹೆಮ್ಮೆಪಟ್ಟುಕೊಂಡೆ.

ಸಂಜೆ ನಾಲ್ಕಕ್ಕೆ ತಾವು ದಯಮಾಡಿಸಿದಿರಿ. ತಮ್ಮ ಮತವೂ ನಮ್ಮಲ್ಲೇ ಅಲ್ಲವೇ. ಬೆಳಿಗ್ಗೆಯಿಂದ ಮತಗಟ್ಟೆಗಳನ್ನು ಸುತ್ತಿ ದಣಿದಿದ್ದಿರಿ, ಜೇಬು ತಡಕಿದಿರಿ, ಪರ್ಸು ಹೆಂಡತಿಯ ಕಾರಿನಲ್ಲಿ ಉಳಿದಿತ್ತು. ನಾನು ಪಾಪ, ಇನ್ನೊಂದು ಲಕೋಟೆ ತೆಗೆಯಲು ಹೋದೆ. ತಾವು ನಗುತ್ತಾ ನನ್ನ ಕೈ ತಡೆದಿರಿ. ಆ ಮಾತನ್ನು ಅಕ್ಷರ ಬಿಡದೆ ಇಲ್ಲಿ ಬರೆಯುತ್ತೇನೆ: "ಅಯ್ಯೋ, ಅದೆಲ್ಲ ಯಾಕಮ್ಮ ವರ್ನೆಲ್. ಸಾಮಾನಿನ ಪೆಟ್ಟಿಗೆ ತಳದಲ್ಲಿ ಒಂದು ಕಂದು ಕವರ್ ಇರುತ್ತೆ ನೋಡಿ, ಅದರಲ್ಲಿ ನಮೂನೆ ಇದೆ. ನೀವು, ಏಮೋಸು, ಇಬ್ರೂ ನನ್ನ ಬಲ್ಲಿರಿ ತಾನೇ?"

ಇತ್ತು. ಅಳತೆಪಟ್ಟಿ, ಪೆನ್ನು, ಮತ ಹಾಕಿದೆ ಎಂದು ಎದೆಗೆ ಅಂಟಿಸಿಕೊಳ್ಳುವ ಚೀಟಿಗಳು, ಎಲ್ಲದರ ಅಡಿಯಲ್ಲಿ ಕಂದು ಕವರ್, ಅದರಲ್ಲಿ ಹಳೇ ಕಥೆಯ ಇಪ್ಪತ್ತೈದು ಪ್ರತಿಗಳು. ಪೆಟ್ಟಿಗೆಯಲ್ಲಿ ಅದನ್ನು ಇಡಲೇಬೇಕೆಂದು ಕಾನೂನು ಹೇಳುತ್ತದೆ, ಹಾಗಾಗಿ ಇಟ್ಟಿದ್ದಿರಿ. ಅದು ಇದೆಯೆಂದು ನಮಗೆ ಹೇಳಲೇಬೇಕೆಂದು ಕಾನೂನಿನಲ್ಲಿ ಇರಲಿಲ್ಲವೇನೋ. ಏಮೋಸ್ ರುಜು ಹಾಕುವಾಗ, ಬೆಳಿಗ್ಗೆ ಈ ಕಾಗದ ಎಲ್ಲಿಗೆ ಹೋಗಿತ್ತು ಸ್ವಾಮಿ ಎಂದು ಕೇಳಿದ್ದಕ್ಕೆ, ಅದು ತುರ್ತು ಸಂದರ್ಭಕ್ಕೆ ಮಾತ್ರ ಎಂದಿರಿ. ನಾನೂ ರುಜು ಹಾಕಿದೆ. ಯಾಕೆ ಹಾಕಿದೆ? ಈ ಐದು ದಿನದಲ್ಲಿ ನನ್ನನ್ನೇ ನಾನು ಐನೂರು ಸಲ ಕೇಳಿಕೊಂಡಿದ್ದೇನೆ. ಸೂಟು ಹಾಕಿದವರು ನಗುತ್ತಾ ಕೇಳಿದರೆ ಕೈ ತಾನೇ ಮುಂದೆ ಹೋಗುತ್ತದೆ, ನಮ್ಮ ಕಪ್ಪು ಜನರಿಗೆ ಅದು ಹಳೆಯ ರೋಗ. ತಾವು ಮತ ಹಾಕಿ ಎದೆಗೆ ಚೀಟಿ ಅಂಟಿಸಿಕೊಂಡು ಹೊರಟಿರಿ. ಹಾಗಾದರೆ ದೊಡ್ಡಮ್ಮನನ್ನೂ ಇದೇ ನಮೂನೆಯಲ್ಲಿ ಸೇರಿಸಲೇ ಎಂದು ಬಾಗಿಲ ತನಕ ಹಿಂದೆ ಬಂದು ಕೇಳಿದೆ. ಅವರ ಲಕೋಟೆ ಆಗಲೇ ಅಂಟಿಸಿ ಆಗಿದೆ, ಇನ್ನು ಕಾರ್ಡು ತಂದರೆ ಮಾತ್ರ ಎಂದಿರಿ. ಆದರೂ ತಾವು ಅತ್ತ ಹೋದ ಕೂಡಲೇ ಏಮೋಸ್ ಮತ್ತು ನಾನು ದೊಡ್ಡಮ್ಮನ ಹೆಸರಿನಲ್ಲೂ ಒಂದು ನಮೂನೆ ತುಂಬಿ ರುಜು ಹಾಕಿ ಅವರ ಲಕೋಟೆಗೆ ಪಿನ್ ಹೊಡೆದೆವು.

ಆ ಸಂಜೆ ದೊಡ್ಡಮ್ಮನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. ಐವತ್ತೈದು ವರ್ಷದ ಹಿಂದೆ, ಈಗ ತಮ್ಮ ಕಚೇರಿಯಿರುವ ಇದೇ ನ್ಯಾಯಾಲಯದ ಕಟ್ಟಡಕ್ಕೆ ಹೆಸರು ನೋಂದಾಯಿಸಲು ಹೋದ ಕಥೆ ಹೇಳಿದರು. ಮೊದಲೇ ಮತದಾರರಾಗಿದ್ದ ಇಬ್ಬರು ಬಂದು ಇವಳನ್ನು ಬಲ್ಲೆವು ಎಂದು ಸಾಕ್ಷಿ ಹೇಳಬೇಕಿತ್ತಂತೆ. ಆಗ ಈ ಕೌಂಟಿಯಲ್ಲಿ ಮತದಾರರೆಂದರೆ ಬಿಳಿಯರೇ. ಒಂಬತ್ತು ವರ್ಷ ಯಾರ ಮನೆಯ ಬಟ್ಟೆ ಒಗೆದು ಇಸ್ತ್ರಿ ಮಾಡಿದ್ದರೋ ಆ ಯಜಮಾನಿಯ ಹತ್ತಿರ ಹೋಗಿ ಕೇಳಿದರು. ಆಕೆ ಬಾಗಿಲ ಪರದೆ ಸರಿಸದೆ, ನಿನ್ನ ಪರಿಚಯ ನನಗೆ ಅಷ್ಟಿಲ್ಲ ಎಂದಳಂತೆ. ಕಾನೂನು ಬದಲಾಗುವವರೆಗೆ ದೊಡ್ಡಮ್ಮ ಮೂರು ಸಲ ಹೋಗಿ ಮೂರು ಸಲ ಬರಿಗೈಯಲ್ಲಿ ವಾಪಸು ಬಂದರು. ಆಮೇಲೆ ಒಂದು ಚುನಾವಣೆಯನ್ನೂ ತಪ್ಪಿಸಿಲ್ಲ. ಇಷ್ಟು ಹೇಳಿ ಟೋಪಿಯನ್ನು ಡಬ್ಬಿಯೊಳಗೆ ಇಡುತ್ತಾ ಅಂದರು, "ಅವತ್ತು ನನ್ನ ಬಲ್ಲೆ ಅನ್ನೋಕೆ ಯಾರೂ ಇರ್ಲಿಲ್ಲ, ಸರಿ. ಇವತ್ತು ನೀನ್ ಇದ್ದೆಯಲ್ಲೇ ವರ್ನೆಲ್."

ಮಾನ್ಯರೇ, ಈ ಮಾತು ಕೇಳಿಸಿಕೊಂಡ ಮೇಲೆ ನನಗೆ ತಮ್ಮ ಮೇಲೆ ಎಷ್ಟು ಸಿಟ್ಟು ಬಂದಿದೆ ಎಂದು ಬರೆಯಲು ಹೋದರೆ ಪತ್ರಿಕೆಯವರು ಅಚ್ಚು ಹಾಕುವುದಿಲ್ಲ. ಆ ಯಜಮಾನಿ ಪರದೆಯ ಹಿಂದೆ ನಿಂತು ತಾನೇ ಸುಳ್ಳು ಹೇಳಿದಳು. ತಾವು ಅಷ್ಟೂ ಕಷ್ಟ ತೆಗೆದುಕೊಳ್ಳಲಿಲ್ಲ, ನನ್ನ ಕೈಯಿಂದ ಹೇಳಿಸಿದಿರಿ. ಅದನ್ನು ನಾನು ಕ್ಷಮಿಸುವುದಿಲ್ಲ. ಚರ್ಚಿನಲ್ಲಿ ಕ್ಷಮೆಯ ಬಗ್ಗೆ ಪಾದ್ರಿಗಳು ಹೇಳಿದ್ದನ್ನೆಲ್ಲ ಈ ಭಾನುವಾರವೂ ಕೇಳಿ ಬಂದೆ. ಸದ್ಯಕ್ಕೆ ಬೇಡ.

ಬುಧವಾರ ನಾವು ಕಾರ್ಡಿಗೂ ಓಡಾಡಿದೆವು. ಕಾರ್ಡು ಕೊಡುವ ಕಚೇರಿ ನಲವತ್ತೊಂದು ಮೈಲಿ ದೂರ, ತೆರೆಯುವುದು ಬುಧವಾರ ಮಾತ್ರ. ಅಲ್ಲಿಯ ಹುಡುಗಿ ಬೈಬಲ್ಲಿನ ಹಾಳೆಯನ್ನು ತಿರುಗಿಸಿ ನೋಡಿ, ಇದರಲ್ಲಿ ಸರ್ಕಾರದ ಮುದ್ರೆ ಇಲ್ಲವಲ್ಲ ಅಜ್ಜಿ ಎಂದಳು. ಶುಕ್ರವಾರ ಹನ್ನೊಂದಕ್ಕೆ ತಮ್ಮ ಕಚೇರಿಗೇ ಬಂದೆವು. ಗುಮಾಸ್ತೆ ಲಕೋಟೆ ತೆಗೆದು, ಪಿನ್ ಹೊಡೆದಿದ್ದ ನಮೂನೆಯತ್ತ ನಾನು ಬೆರಳು ತೋರಿಸಿದರೂ ಬಿಡದೆ ಕಾರ್ಡು ಕೇಳುತ್ತಿರುವಾಗ ಒಳಗಿನಿಂದ ತಾವು ಬಂದಿರಿ. ಬಂದವರು ಎರಡೂ ಕೈ ಚಾಚಿ ದೊಡ್ಡಮ್ಮನ ಕೈ ಹಿಡಿದುಕೊಂಡಿರಿ. "ಓಜೆಲ್ಲಮ್ಮಾ, ಹೇಗಿದ್ದೀರಿ, ಮಂಡಿ ನೋವು ಹೇಗಿದೆ? ಶಾಲೇಲಿ ನೀವು ಮಾಡ್ತಿದ್ದ ಜೋಳದ ರೊಟ್ಟಿ ರುಚಿ ಇನ್ನೂ ನಾಲಗೆ ಮೇಲಿದೆ ನೋಡಿ" ಎಂದಿರಿ. ಹೌದಲ್ಲ, ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ದುಡಿದ ಓಜೆಲ್ಲಮ್ಮ ತಮಗೂ ಬಡಿಸಿದ್ದಾರೆ, ಎರಡನೇ ತುಂಡು ಕೇಳಿದಾಗ ಇಲ್ಲವೆನ್ನದೆ ಕೊಟ್ಟಿದ್ದಾರೆ. ಹೀಗೆ ಹೆಸರು, ಮಂಡಿ, ರೊಟ್ಟಿ ಎಲ್ಲದರ ಗುರುತನ್ನೂ ಒಂದೇ ಉಸಿರಿನಲ್ಲಿ ಹೇಳಿದ ತಾವು ಅದೇ ಉಸಿರಿನಲ್ಲಿ, ಏನು ಮಾಡೋದಮ್ಮ, ಇವರು ಯಾರು ಅಂತ ತಿಳಿಯೋಕೆ ನನ್ನ ಹತ್ತಿರ ದಾಖಲೆ ಇಲ್ಲ, ಕಾನೂನು ಎಲ್ಲರಿಗೂ ಒಂದೇ ಎಂದಿರಿ. ಅವರ ಕೈಯನ್ನು ಆಗಲೂ ಬಿಟ್ಟಿರಲಿಲ್ಲ.

ಶನಿವಾರದ ಅಂಚೆಯಲ್ಲಿ ತಮ್ಮ ಕಾಗದ ಬಂತು. ನನ್ನ ಹತ್ತೊಂಬತ್ತು ವರ್ಷದ ಸೇವೆಗೆ ಕೃತಜ್ಞತೆ, ಇನ್ನು ಮುಂದೆ ಆ ಸೇವೆಯ ಅಗತ್ಯವಿಲ್ಲ. ಮಾನ್ಯರೇ, ಇದು ತಮ್ಮ ಬುದ್ಧಿಗೆ ಸರಿಹೊಂದುವ ಕೆಲಸವಲ್ಲ. ಮತಗಟ್ಟೆಯ ಮೇಜಿನ ಹಿಂದೆ ಕೂತವಳು ಯಾರ ಪರವೂ ಯಾರ ವಿರುದ್ಧವೂ ಬಾಯಿ ಬಿಡುವಂತಿರಲಿಲ್ಲ. ಈಗ ನನ್ನ ಬಾಯಿಗೆ ಹಾಕಿದ್ದ ಬೀಗವನ್ನು ತಾವೇ ತೆಗೆದಿರಿ. ಬರುವ ಮೇ ತಿಂಗಳಲ್ಲಿ ತಮ್ಮ ಕುರ್ಚಿಗೂ ಚುನಾವಣೆ ಇದೆ. ಕಂದು ಕವರಿನ ನಮೂನೆಯನ್ನು ಚರ್ಚಿನ ಯಂತ್ರದಲ್ಲಿ ಈಗಾಗಲೇ ಪ್ರತಿ ಮಾಡಿಸಿದ್ದೇನೆ. ನಾನು ಬಸ್ಸು ನಿಲ್ಲಿಸಿದ್ದ ಪ್ರತಿ ಮನೆಯ ಬಾಗಿಲಿಗೂ ಅದು ಹೋಗುತ್ತದೆ, ಕಾರ್ಡಿಲ್ಲದ ಪ್ರತಿ ಮುದುಕಿಯ ಕೈಚೀಲದಲ್ಲೂ ಇರುತ್ತದೆ. ತಾವು ಮನೆಗೆ ಹೋಗುವ ತನಕ ನಾನು ಸುಮ್ಮನೆ ಕೂರುವವಳಲ್ಲ.

ಅದು ಮುಂದಿನ ಮಾತಾಯಿತು. ಈಗಿನ ಬೇಡಿಕೆ ಒಂದೇ. ಫಲಿತಾಂಶಕ್ಕೆ ತಾವು ಮುದ್ರೆ ಒತ್ತುವುದು ಬರುವ ಶುಕ್ರವಾರ. ತಮ್ಮ ಬೀರುವಿನಲ್ಲಿ ಎರಡು ನಮೂನೆಗಳಿವೆ, ಎರಡರಲ್ಲೂ ಅದೇ ದಿನಾಂಕ, ಅದೇ ಎರಡು ರುಜು. ಒಂದು ತಮ್ಮದು, ಒಂದು ಓಜೆಲ್ಲಾ ಬಿವೆನ್ಸ್ ಅವರದು. ತಮ್ಮದು ಸಾಕಾಗಿದ್ದರೆ ಅವರದೂ ಸಾಕು. ಲಕೋಟೆ ಒಡೆದು ಆ ಮತ ಎಣಿಸಿ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ದೊಡ್ಡಮ್ಮ ಅದೇ ನೇರಳೆ ಟೋಪಿ ಹಾಕಿಕೊಂಡು ತಮ್ಮ ಕಚೇರಿಗೆ ಬರುತ್ತಾರೆ. ಚರ್ಚಿನ ಬಸ್ಸು ನಾನೇ ಓಡಿಸುತ್ತೇನೆ, ಮೂವತ್ತೆರಡು ಸೀಟೂ ತುಂಬಿವೆ, ಎಲ್ಲರೂ ಅವರ ಕೈಯ ರೊಟ್ಟಿ ತಿಂದವರೇ. ಪತ್ರಿಕೆಯವರೂ ಬರುತ್ತೇವೆ ಎಂದಿದ್ದಾರೆ. ದೊಡ್ಡಮ್ಮ ತಮ್ಮ ಎದುರು ನಿಲ್ಲುತ್ತಾರೆ, ಏನೂ ಮಾತಾಡುವುದಿಲ್ಲ. ತಾವು ಅಭ್ಯಾಸಬಲದಿಂದ ಓಜೆಲ್ಲಮ್ಮಾ ಎಂದಿರೋ, ಅಷ್ಟೂ ಜನರ ಎದುರು ತಮ್ಮ ಬಾಯಿಂದಲೇ ಅವರ ಗುರುತು ಹೇಳಿದಂತಾಯಿತು, ಲಕೋಟೆ ಒಡೆಯಿರಿ. ಹೆಸರು ಹೇಳದೆ ಸುಮ್ಮನಿದ್ದಿರೋ, ತಮಗೆ ಅನ್ನ ಬಡಿಸಿದವರ ಮುಖ ನೋಡಿಕೊಂಡೇ ಇವರು ಯಾರೋ ಗೊತ್ತಿಲ್ಲ ಎಂದು ನಿಂತದ್ದನ್ನು ಮೂವತ್ತೆರಡು ಮನೆಗಳು ಮೇ ತಿಂಗಳ ತನಕ ಹೇಳಿಕೊಂಡು ತಿರುಗುತ್ತವೆ. ಯೋಚಿಸಲು ತಮಗೆ ಐದು ದಿನ ಇದೆ. ದೊಡ್ಡಮ್ಮನಿಗೆ ಕೊಟ್ಟದ್ದಕ್ಕಿಂತ ಎರಡು ದಿನ ಹೆಚ್ಚೇ ಕೊಟ್ಟಿದ್ದೇನೆ.

ಇಂತಿ,
ತಮ್ಮನ್ನು ಬಲ್ಲೆ ಎಂದು ರುಜು ಹಾಕಿದವಳು, ಸ್ವಂತ ದೊಡ್ಡಮ್ಮನನ್ನು ಬಲ್ಲೆ ಎನ್ನಲು ಏಳು ಗಂಟೆ ತಡಮಾಡಿದವಳು,
ವರ್ನೆಲ್ ಟೇಟಮ್
ಮೌಂಟ್ ನೀಬೋ ಮತಗಟ್ಟೆಯ ಮಾಜಿ ಮುಖ್ಯಸ್ಥೆ